ಒಂದು ಮುಷ್ಟಿ ಅರಿಶಿಣ

2025ರ ಮೇ 12, ಸೋಮವಾರ, ಬೆಳಿಗ್ಗೆ 10.20. ಪುಣೆಯ ಬಿಬವೇವಾಡಿ ಠಾಣೆಗೆ ಬಂದ ಶ್ಯಾಮ ಮುಳಗುಂದ ಕುರ್ಚಿ ಕೊಟ್ಟರೂ ಕೂಡಲಿಲ್ಲ, ನಿಂತೇ ದೂರು ಹೇಳಿದ. ಹೆಂಡತಿ ಇಂದೂ ಚೊಚ್ಚಲ ಹೆರಿಗೆಗೆಂದು ದೌಂಡದ ತವರಿನಲ್ಲಿದ್ದಳು. ಶುಕ್ರವಾರ ಮಧ್ಯಾಹ್ನ ಅಲ್ಲಿನ ಡಾಕ್ಟರು, ಕೂಸಿನ ಎದೆಬಡಿತ ಇಳಿಯುತ್ತಿದೆ, ಕೂಡಲೇ ಪುಣೆಗೆ ಒಯ್ಯಿರಿ ಎಂದರು. ಅರ್ಧ ದಾರಿಯಲ್ಲಿ, ಮಾವ ಓಡಿಸುತ್ತಿದ್ದ ಕಾರಿನ ಎಂಜಿನ್ ಕಾದು, ಹೊಗೆಯೆದ್ದು ನಿಂತಿತು. ಬೇರೆ ಗಾಡಿ ಸಿಗುವಷ್ಟರಲ್ಲಿ ಐವತ್ತು ನಿಮಿಷ ಹೋಗಿತ್ತು. ಕೂಸು ಹುಟ್ಟಿ ಒಂದು ತಾಸೂ ಬದುಕಲಿಲ್ಲ. ಹಿಂದಿನ ತಿಂಗಳು ಕಾರಿನ ಸರ್ವಿಸಿಂಗ್ ಮಾಡಿದ್ದ ಇಲ್ಲಿನ ಗ್ಯಾರೇಜಿನ ಓಂಕಾರನೇ ಇದಕ್ಕೆ ಹೊಣೆ ಎಂದ.

ಪಿಎಸ್‌ಐ ಸುರಭಿ ಹಂಪಿಹೊಳಿ ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಿಸಿದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಏನೇನೋ ನೋಡಿದ ಹೆಣ್ಣು ಅವಳು. ಆದರೂ ಮೃತರ ಹೆಸರಿನ ಕಡೆ 'ಇನ್ನೂ ಹೆಸರಿಟ್ಟಿಲ್ಲ' ಎಂದು ಬರೆಯುವ ಮೊದಲು ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡಳು.

ಮಧ್ಯಾಹ್ನ 12.40ಕ್ಕೆ ಓಂಕಾರನನ್ನು ಕರೆಸಿದಳು. ಬೆಳಗಾವಿ ಕಡೆಯವನು, ಸುರಭಿಯಂತೆಯೇ ಕನ್ನಡದವನು. ಅವನ ಗ್ಯಾರೇಜಿನ ಬೋರ್ಡನ್ನು ಯಾರೋ ಶನಿವಾರವೇ ಒಡೆದುಹಾಕಿದ್ದರು. ಗಿರಾಕಿಗಳು ಅರ್ಧ ಬಿಚ್ಚಿದ ಗಾಡಿಗಳನ್ನೂ ಎಳೆಸಿಕೊಂಡು ಹೋಗಿದ್ದರು.

"ರೇಡಿಯೇಟರ್ ಸೋರತಿತ್ತೇನು?"

"ಹೌದ್ರಿ ಮೇಡಂ, ಹನಿ ಹನಿ. ಬದಲಿ ಮಾಡಬೇಕು, ಎರಡು ದಿನ ಗಾಡಿ ಬಿಡ್ರಿ ಅಂದೆ."

"ಯಾರಿಗೆ?"

"ಗಾಡಿ ತಂದಿದ್ದ ಅಜ್ಜಾರಿಗೆ, ಶ್ಯಾಮ ಅವರ ಮಾವ. ಹೆರಿಗಿ ಆದಮ್ಯಾಲ ತರ್ತೀನಿ ಅಂದು ಒಯ್ದ್ರು."

"ಬರದು ಕೊಟ್ಟೀಯೇನು?"

"ಇಲ್ರಿ. ಬಾಯಿಮಾತು."

ಬರೆದು ಕೊಡದ ಮಾತಿಗೆ ಕೋರ್ಟಿನಲ್ಲಿ ಏನು ಕಿಮ್ಮತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ 11ಕ್ಕೆ ಠಾಣೆಯ ಅಂಗಳದಲ್ಲೇ ಕಾರಿನ ಪಂಚನಾಮೆ ನಡೆಯಿತು. ಮೋಟಾರು ವಾಹನ ನಿರೀಕ್ಷಕರು ಒಂದೊಂದಾಗಿ ನೋಡುತ್ತ ಹೋದರು. ಫ್ಯಾನಿಗೆ ನೇರ ಕರೆಂಟು ಕೊಟ್ಟರು, ತಿರುಗಿತು. ವಾಟರ್ ಪಂಪು ನೆಟ್ಟಗಿತ್ತು. ಕಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟ್ಯಾಟನ್ನು ಕುದಿನೀರಿನಲ್ಲಿ ಅದ್ದಿದರು, ಬಾಯಿ ತೆರೆಯಿತು. ಕೊನೆಗೆ ರೇಡಿಯೇಟರ್ ಬಿಚ್ಚಿ ಮೇಲಿನಿಂದ ನೀರು ಹೊಯ್ದರೆ ಕೆಳಗೆ ತೊಟ್ಟೂ ಇಳಿಯಲಿಲ್ಲ. ತಂತಿ ಹಾಕಿ ಕೆದಕಿದಾಗ ಹಳದಿ ಕೆಸರು ಬಂತು. ಕಾನ್‌ಸ್ಟೆಬಲ್ ಗಾಯಕವಾಡ ಬೆರಳಿಗೆ ಹಚ್ಚಿಕೊಂಡು ಮೂಸಿದ.

"ಹಳದ್ ಆಹೆ, ಮ್ಯಾಡಂ."

ಅರಿಶಿಣ. ಗ್ಯಾರೇಜಿನವರ ಕೆಲಸವಲ್ಲ ಇದು, ಸೋರಿಕೆ ಮುಚ್ಚಲು ಹಳೇ ಲಾರಿ ಡ್ರೈವರುಗಳು ತೋರುವ ಕೈಚಳಕ ಎಂದರು ನಿರೀಕ್ಷಕರು. ಸುರಭಿ ಒಳಗೆ ಹೋಗಿ ಕಡತ ತೆರೆದಳು. ಶ್ಯಾಮನ ಮಾವ ಏನು ಕೆಲಸ ಮಾಡುತ್ತಿದ್ದರೆಂದು ದೂರಿನಲ್ಲೇ ಇತ್ತು.

ಬುಧವಾರ 9.30ಕ್ಕೆ ದೌಂಡ. ಮೂವತ್ತು ವರ್ಷ ಕಬ್ಬಿನ ಲಾರಿ ಓಡಿಸಿದ ಇಂದೂಳ ಅಪ್ಪ ಹೊಳಬಸಪ್ಪ ಬಾಗಿಲಲ್ಲೇ ಕೂತಿದ್ದರು. ಪೊಲೀಸರನ್ನು ಕಂಡು ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ರೇಡಿಯೇಟರಿನ್ಯಾಗ ಅರಿಶಿಣ ಹಾಕಿದವರು ಯಾರ್ರಿ?"

"ನಾನ ರೀ."

"ಎಷ್ಟು?"

"ಲಾರಿಗೆ ಹಾಕಿದಂಗ, ಒಂದು ಮುಷ್ಟಿ. ಸೋರೂದು ನಿಂತಿತ್ತು. ಕಾರಿನ ನಳಿಗಿ ಭಾಳ ಸಣ್ಣ ಇರತಾವ ಅನ್ನೂದು ತಲಿಗೆ ಬರಲೇ ಇಲ್ಲ."

"ಓಂಕಾರ ಎರಡು ದಿನ ಕೇಳಿದ್ದ."

"ಆ ಎರಡು ದಿನದಾಗ ಬ್ಯಾನಿ ಬಂದ್ರ ಮಗಳನ್ನ ಹ್ಯಾಂಗ ಒಯ್ಯಲಿ? ಆಕಿ ಹುಟ್ಟಿದ ದಿನ ಆಕಿ ಅವ್ವಗ ಗಾಡಿ ಸಿಗಲಿಲ್ರಿ. ನಾ ಲಾರಿ ನಿಲ್ಲಿಸಿಕೊಂಡು ಫ್ಯಾಕ್ಟರಿ ಮುಂದ ಪಾಳಿ ಕಾಯ್ತಿದ್ದೆ. ಬರೂದ್ರಾಗ ನನ್ನ ಸರೋಜಮ್ಮ ತೀರಿಕೊಂಡಿದ್ದಳು."

"ಓಂಕಾರನ ಮ್ಯಾಲ ಕೇಸಾದ್ರೂ ಸುಮ್ಮನಿದ್ರಿ?"

ಮುದುಕರು ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿದುಕೊಂಡರು. ಅರಿಶಿಣ ಎಲ್ಲಿಯದು ಎಂದು ಕೇಳಿದಾಗ ಮಾತ್ರ, "ಅಂಗಡಿದು, ನಾನ ತಂದಿದ್ದು" ಎಂದು ಎರಡು ಸಲ ಹೇಳಿದರು.

ಬಿಬವೇವಾಡಿಯಲ್ಲಿ ಮಧ್ಯಾಹ್ನ 1.15ಕ್ಕೆ ಹೊಳಬಸಪ್ಪನವರ ಬಂಧನ ದಾಖಲಾಯಿತು. ಓಂಕಾರನ ಮೇಲಿನ ಆರೋಪ ಬಿತ್ತು, ಅವನ ಒಡೆದ ಬೋರ್ಡು ಹಾಗೇ ಇತ್ತು. ಜಾಮೀನು ಸಿಗುವ ಕಲಂ, ಸಂಜೆಗೆ ಮನೆಗೆ ಹೋಗಬಹುದು ಎಂದಳು ಸುರಭಿ. ಬಂಧನದ ಸುದ್ದಿ ಹತ್ತಿರದವರಿಗೆ ತಿಳಿಸಬೇಕೆಂಬುದು ನಿಯಮ.

"ಯಾರಿಗೆ ಹೇಳಬೇಕ್ರಿ?"

"ಮಗಳನ್ನ ಬಿಟ್ಟು ನನಗ ಯಾರದಾರ್ರಿ. ಆದ್ರ ಅರಿಶಿಣದ ಸುದ್ದಿ ಆಕಿ ಮುಂದ ತೆಗೀಬ್ಯಾಡ್ರಿ, ಕೈ ಮುಗೀತೀನಿ."

ಸುರಭಿ ಹೊರಗೆ ಹೋಗಿ ಆಸ್ಪತ್ರೆಯಲ್ಲಿದ್ದ ಇಂದೂಗೆ ಫೋನು ಮಾಡಿದಳು. ಅಪ್ಪನನ್ನು ಬಂಧಿಸಿದೆ, ತಪ್ಪು ಒಪ್ಪಿಕೊಂಡಿದ್ದಾರೆ ಎಂದಷ್ಟೇ ಹೇಳಿದಳು, ಅರಿಶಿಣದ ಮಾತೆತ್ತಲಿಲ್ಲ.

"ಅರಿಶಿಣ ಅಂಗಡಿದು ಅಂದಿರಬೇಕು," ಎಂದಳು ಇಂದೂ. "ಅಡಿಗಿಮನಿ ಡಬ್ಬಿ ತೆಗದು ಕೊಟ್ಟಾಕಿ ನಾನ ರೀ. ಯಾಕ ಅಂತ ಕೇಳಲಿಲ್ಲ. ಗಾಡಿ ನಿಂತಾಗ ಹಳದಿ ನೀರು ಉಕ್ಕಿತು, ಅವತ್ತ ತಿಳೀತು. ಬೇಕಾದ್ರ ನನ್ನ ಹೆಸರೂ ಬರ್ಕೋರಿ. ಆ ಅರಿಶಿಣದಿಂದನ ಗಾಡಿ ನಿಂತಿದ್ದು ಅಂತ ನನಗ ಗೊತ್ತದ, ಅದನ್ನ ಮಾತ್ರ ಅಪ್ಪಗ ಹೇಳಬ್ಯಾಡ್ರಿ. ಅವರು ತಡ್ಕೊಳ್ಳೂದಿಲ್ಲ."

ಸುರಭಿ ಕಣ್ಣೊರೆಸಿಕೊಂಡು ಒಳಗೆ ಬಂದಳು. ಮುದುಕರು ಬೆಂಚಿನಿಂದ ಎದ್ದು ನಿಂತರು.

"ಅರಿಶಿಣದ ಬಗ್ಗೆ ಏನರ ಕೇಳಿದಳೇನ್ರಿ?"

"ಇಲ್ರಿ," ಎಂದಳು ಸುರಭಿ. "ನಿಮ್ಮ ಊಟ ಆತೇನು ಅಂತ ಕೇಳಿದಳು."

ಹೊಳಬಸಪ್ಪ ಮೆಲ್ಲಗೆ ಕೂತರು. ಐದು ದಿನದಲ್ಲಿ ಮೊದಲ ಸಲ ತಾವಾಗಿಯೇ ನೀರು ಕೇಳಿ ಕುಡಿದರು.