ಬಿರುಕು ಬಿಡದ ಗೋಡೆ

ಹೆಂಡತಿ ಸತ್ತ ದುಃಖವನ್ನು ಗಾರೆ ಮೇಸ್ತ್ರಿ ಹೇಗೋ ಹೊತ್ತುಕೊಂಡಿದ್ದ. ಹೊರಲಾಗದೆ ಉಳಿದದ್ದು ವಿಚಾರಣೆಯ ದಿನ ಕಾಂಟ್ರಾಕ್ಟರು ಆಡಿದ ಮಾತು. "ಜಾಲರಿ ನಾನು ಕೊಟ್ಟಿದ್ದೆ. ಅದಕ್ಕಿಂತ ಹೆಚ್ಚು ನನ್ನ ಬಾಯಿಂದ ಹೊರಡಿಸಬೇಡಿ" ಎಂದು ಹೇಳಿ ಅವರು ತಲೆ ತಗ್ಗಿಸಿ ಕೂತುಬಿಟ್ಟಿದ್ದರು. ಸುಳ್ಳು ಹೇಳಿದವನು ಇನ್ನು ಹೇಗೆ ಕೂರುತ್ತಾನೆ?

ಮೂರು ವರ್ಷದ ಹಿಂದೆ ಒಂದು ಎರಡಂತಸ್ತಿನ ಕಟ್ಟಡದ ಹೊರಗೋಡೆಗೆ ಗಾರೆ ನಡೆದಿತ್ತು. ಕಾಂಕ್ರೀಟ್ ಬೀಮು ಮುಗಿದು ಬ್ಲಾಕಿನ ಗೋಡೆ ಶುರುವಾಗುವ ಕಡೆ ತಂತಿ ಜಾಲರಿಯ ಪಟ್ಟಿಯನ್ನು ಬಡಿದು, ಅದರ ಮೇಲೆ ಗಾರೆ ಮೆತ್ತಬೇಕು. ಮೇಸ್ತ್ರಿ ಸಾರವೆಯ ಮೇಲೆ ನಿಂತು, ಕಾಂಟ್ರಾಕ್ಟರ ಹತ್ತಿರ ಜಾಲರಿ ತರಲು ಹೆಂಡತಿಯನ್ನು ಕಳಿಸಿದ್ದ. ಅವನು ಮೆತ್ತುವುದು, ಅವಳು ಗಾರೆ ಕಲಸಿ ಕೊಡುವುದು, ಹದಿನಾಲ್ಕು ವರ್ಷದಿಂದ ಹಾಗೇ ನಡೆದಿತ್ತು. ಅಂದು ಅವಳು ಬರಿಗೈಯಲ್ಲಿ ಬಂದಳು.

"ಕೊಡಲಿಲ್ಲ ಕಣ್ರೀ. ಕಲಸಿದ್ದು ಗಟ್ಟಿಯಾಗ್ತಿದೆ, ನೀವು ಹೊಡೀರಿ. ನಿಮ್ಮ ಕೈಗೆ ಜಾಲರಿ ಯಾಕೆ?"

ಆ ಕೊನೆಯ ಮಾತು ಅವನದೇ. ಜಾಲರಿ ಏನಿದ್ದರೂ ಕೈ ಪಳಗದವರಿಗೆ ಎಂದು ಕಂಡಕಂಡವರ ಮುಂದೆ ಜಂಬ ಕೊಚ್ಚಿಕೊಂಡಿದ್ದವನು ಅವನು. ಹೆಂಡತಿಯ ಬಾಯಲ್ಲಿ ಅದನ್ನು ಕೇಳಿ ಉಬ್ಬಿದ, ಜಾಲರಿಯಿಲ್ಲದೆಯೇ ಗಾರೆ ಹೊಡೆದ. ಎರಡು ತಿಂಗಳ ನಂತರ ಅದೇ ಗೋಡೆಯ ಬುಡದಲ್ಲಿ ಅವಳು ಮರಳಿಗೆ ಜರಡಿ ಹಿಡಿಯುತ್ತಿದ್ದಾಗ, ಬಾಗಿಲಗಲದ ಗಾರೆ ಮೇಲಿಂದ ಕಳಚಿ ಬಿತ್ತು.

ವಿಚಾರಣೆಗೆ ಬಂದ ಅಧಿಕಾರಿ ಪಾಠ ಹೇಳುವವರಂತೆ ಬಿಡಿಸಿ ಹೇಳಿದರು. ಬಿಸಿಲಿಗೆ ಕಾಂಕ್ರೀಟು ಒಂದು ಅಳತೆಯಲ್ಲಿ ಹಿಗ್ಗುತ್ತದೆ, ಬ್ಲಾಕು ಇನ್ನೊಂದು ಅಳತೆಯಲ್ಲಿ. ಎರಡನ್ನೂ ಹಿಡಿದಿಡುವ ಜಾಲರಿ ಇಲ್ಲದಿದ್ದರೆ ಗಾರೆ ಬಿರಿಯಲೇಬೇಕು, ಯಾರ ಕೈಯಾದರೂ ಸರಿ. ಸಾಮಾನು ಕೊಟ್ಟಿದ್ದರೂ ಹಾಕದ್ದು ಮೇಸ್ತ್ರಿಯ ತಪ್ಪು ಎಂದು ತೀರ್ಮಾನವಾಯಿತು. ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬ ಹಾಗೆ, ಹೆಂಡತಿಯನ್ನು ಕೊಂದವನೆಂಬ ಹೆಸರು ಅವನಿಗೆ ಅಂಟಿತು. ಮುಂದೆ ಯಾರೂ ಅವನಿಗೆ ಹೊರಗೋಡೆ ಕೊಡಲಿಲ್ಲ. ಚರಂಡಿ, ನೀರಿನ ತೊಟ್ಟಿ, ಬಚ್ಚಲುಮನೆ, ಇಷ್ಟೇ ಉಳಿಯಿತು.

ಹಾಗಿರುವಾಗ ಕಾಂಟ್ರಾಕ್ಟರೇ ಹೇಳಿ ಕಳಿಸಿದರು. "ನನ್ನ ಸ್ವಂತ ಮನೆ ಕಟ್ತಿದೀನಿ. ಹೊರಗಿನ ಗಾರೆ ನೀನೇ ಮಾಡು. ಬೇರೆ ಯಾರೂ ಬೇಡ." ಆಮೇಲೆ ಕೇಳಿದರು, "ಮಗಳ ಕೆಮ್ಮು ಹೇಗಿದೆ ಈಗ?"

"ವಾಸಿ ಆಯ್ತು ಸಾರ್."

ಮಗಳ ಕೆಮ್ಮಿನ ವಿಷಯ ಇವರಿಗೆ ಹೇಗೆ ಗೊತ್ತು ಎಂದು ಒಂದು ಗಳಿಗೆ ಅನ್ನಿಸಿತು. ಬೆಣ್ಣೆ ಹಚ್ಚಿ ಮಾತಾಡುವವರಿಗೆ ಎಲ್ಲರ ಮನೆಯ ಸುದ್ದಿಯೂ ಬೇಕು ಎಂದುಕೊಂಡ. ಮನೆಗೆ ನಡೆದು ಬರುವಷ್ಟರಲ್ಲಿ ಅವನ ಮನಸ್ಸಿನಲ್ಲಿ ಇಡೀ ಉಪಾಯ ಸಿದ್ಧವಾಗಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವನ ಉಪಾಯದಲ್ಲಿ ಕೋಲೇ ಇರಲಿಲ್ಲ, ಇದ್ದದ್ದು ಬಿಸಿಲು ಮತ್ತು ಮಳೆ.

ಹೊಸ ಮನೆಯ ಮೂಡಣ ಗೋಡೆಗೆ ಒರಗಿದಂತೆ ಒಂದು ಕಲ್ಲುಬೆಂಚು ಇತ್ತು. ಕೆಲಸ ನಡೆಯುವಾಗಲೇ ಕಾಂಟ್ರಾಕ್ಟರು ದಿನಾ ಬೆಳಿಗ್ಗೆ ಚಹಾ ಲೋಟ ಹಿಡಿದು ಅಲ್ಲಿ ಬಂದು ಕೂರುತ್ತಿದ್ದರು. ಬೆಂಚಿನ ನೇರ ಮೇಲೆ, ಎರಡನೆಯ ಅಂತಸ್ತಿನಲ್ಲಿ, ಬೀಮು ಮತ್ತು ಬ್ಲಾಕು ಕೂಡುವ ಗೆರೆ. ಆ ಒಂದು ಮಾರಿನಷ್ಟು ಜಾಗ ಸಾಕಿತ್ತು.

ಸಾಮಾನು ಕಳುವಾಗದಿರಲೆಂದು ಕಾಂಟ್ರಾಕ್ಟರು ತಮ್ಮ ಜಾಲರಿಯ ಸುರುಳಿಗಳ ಅಂಚಿಗೆಲ್ಲ ನೀಲಿ ಬಣ್ಣ ಬಳಿಸುತ್ತಿದ್ದರು. ಇದು ಅವರ ಬಹಳ ಹಳೆಯ ರೂಢಿ, ಊರಿನ ಗಾರೆಯವರೆಲ್ಲ ಅದನ್ನು ಆಡಿಕೊಂಡು ನಗುತ್ತಿದ್ದರು. ಈಗ ಅವರು ಸುರುಳಿಗಳನ್ನು ತಾವೇ ಮೇಸ್ತ್ರಿಯ ಕೈಗೆ ಕೊಟ್ಟು, ಬಡಿದಾದ ಮೇಲೆ ಕೆಳಗೆ ನಿಂತು ಕತ್ತೆತ್ತಿ ನೀಲಿ ಗೆರೆ ಕಾಣುತ್ತದೆಯೇ ಎಂದು ನೋಡುತ್ತಿದ್ದರು. ಕಂಡರೆ ತಲೆಯಾಡಿಸಿ ಹೋಗುತ್ತಿದ್ದರು. ವಯಸ್ಸಾದ ಮೊಣಕಾಲಿಗೆ ಸಾರವೆ ಹತ್ತಲು ಆಗುತ್ತಿರಲಿಲ್ಲ.

ಕಾಂಕ್ರೀಟು ಅಂಟದಿರಲೆಂದು ಅಚ್ಚಿನ ಹಲಗೆಗೆ ಬಳಿಯುವ ಶಟರಿಂಗ್ ಎಣ್ಣೆಯನ್ನು ಮೇಸ್ತ್ರಿ ಮೊದಲು ಬೀಮಿನ ಮುಖಕ್ಕೆ ಸವರಿದ. ಎಣ್ಣೆ ಕುಡಿದ ಕಾಂಕ್ರೀಟು ಗಾರೆಯನ್ನು ಹಿಡಿಯುವುದಿಲ್ಲ. ಹಲಗೆ ಬಿಚ್ಚಿದ ಬೀಮಿನ ಮೇಲೆ ಆ ಎಣ್ಣೆ ಹೇಗೂ ಇರುವುದರಿಂದ ನಾಳೆ ಯಾರೂ ಅದನ್ನು ಪ್ರಶ್ನಿಸುವಂತಿರಲಿಲ್ಲ. ಆಮೇಲೆ ಜಾಲರಿ ಬಡಿದು, ತಗಡಿನ ಕತ್ತರಿಯಿಂದ ಕೂಡುಗೆರೆಯ ಉದ್ದಕ್ಕೂ ತಂತಿಗಳನ್ನು ಒಂದೊಂದಾಗಿ ಕತ್ತರಿಸಿದ. ಕೆಳಗಿನಿಂದ ನೋಡಿದರೆ ಜಾಲರಿ ಇತ್ತು, ನೀಲಿ ಅಂಚೂ ಇತ್ತು. ಗೋಡೆಯ ಪಾಲಿಗೆ ಮಾತ್ರ ಅದು ಇರಲಿಲ್ಲ. ಕಳಚಿ ಬಿದ್ದ ಮೇಲೆ ಯಾರಾದರೂ ನೋಡಿದರೆ ಬಿದ್ದ ರಭಸಕ್ಕೆ ತಂತಿ ಹರಿಯಿತು ಎನ್ನುತ್ತಾರೆ. ಕೊನೆಗೆ ಗಾರೆಯನ್ನು ಬೇಕೆಂದೇ ಎರಡು ಬೆರಳು ದಪ್ಪಗೆ ಮೆತ್ತಿದ, ಭಾರ ಬೇಕಲ್ಲ.

"ಆಯ್ತಾ ಮೇಸ್ತ್ರಿ?" ಕಾಂಟ್ರಾಕ್ಟರು ಕೆಳಗಿನಿಂದ ಕೇಳಿದರು.

"ಆಯ್ತು ಸಾರ್. ನೀವಿರೋವರೆಗೂ ಇರುತ್ತೆ."

ಸಂಜೆ ಮನೆಗೆ ಬಂದು ಎಂದಿನಂತೆ ಪಡುವಣ ಗೋಡೆಯ ಹತ್ತಿರ ನಿಂತ. ಅವನ ಮನೆಯೂ ಬೀಮು ಬ್ಲಾಕಿನದೇ. ಮೂರು ಗೋಡೆಗಳನ್ನು ಅವನೇ ಜಾಲರಿಯಿಲ್ಲದೆ ಮೆತ್ತಿದ್ದ. ಮೂರೂ ಬಿರುಕು ಬಿಟ್ಟಿದ್ದವು, ಅದಕ್ಕೆ ಅವನು ನೆಲವನ್ನು ಬೈಯುತ್ತಿದ್ದ. ನಾಲ್ಕನೆಯದು ಬಹಳ ಕಾಲ ಬರೀ ಬ್ಲಾಕಾಗಿಯೇ ಉಳಿದಿತ್ತು. ಮಳೆನೀರು ಒಳಗೆ ಒಸರಿ, ಅದರ ಪಕ್ಕ ಮಲಗುತ್ತಿದ್ದ ಮಗಳಿಗೆ ಕೆಮ್ಮು ಹತ್ತಿತ್ತು. ಹೆಂಡತಿ ಸಾಯುವ ಎರಡು ತಿಂಗಳ ಮುಂಚೆ, ಅವನು ಬೇರೆ ಊರಿನ ಕೆಲಸಕ್ಕೆ ಹೋಗಿದ್ದ ನಾಲ್ಕು ದಿನದಲ್ಲಿ, ಅವಳೊಬ್ಬಳೇ ಆ ಗೋಡೆಗೆ ಗಾರೆ ಮಾಡಿ ಮುಗಿಸಿದ್ದಳು. ಅಲ್ಲಲ್ಲಿ ಉಬ್ಬು, ಅಲ್ಲಲ್ಲಿ ತಗ್ಗು. ರಸಮಟ್ಟ ಇಟ್ಟು ನೋಡಿ ಅವನು ನಕ್ಕಿದ್ದ. ಆದರೆ ಬಿಸಿಲೂ ಮಳೆಯೂ ನೇರ ಬಡಿಯುವ ಆ ಗೋಡೆಯಲ್ಲಿ ಇಂದಿಗೂ ಕೂದಲೆಳೆಯಷ್ಟು ಬಿರುಕಿರಲಿಲ್ಲ. ಅವಳ ಕೈಗುಣ, ಅಷ್ಟೇ. ಅವನು ಅದಕ್ಕೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ದಿನಾ ಅಂಗೈಯಿಟ್ಟು ನಿಲ್ಲುತ್ತಿದ್ದ. ಇಡೀ ಮನೆಯಲ್ಲಿ ಅವಳು ಇನ್ನೂ ಬೆಚ್ಚಗಿದ್ದದ್ದು ಅಲ್ಲಿ ಮಾತ್ರ.

"ಇನ್ನೊಂದು ಬೇಸಿಗೆ ತಡಿ" ಎಂದು ಅಂದು ಗೋಡೆಗೆ ಹೇಳಿದ.

ಬೇಸಿಗೆ ಬಂತು, ಹೋಯಿತು. ಕಾಂಟ್ರಾಕ್ಟರು ಹೊಸ ಮನೆಗೆ ಬಂದಿದ್ದರು. ಮೇಸ್ತ್ರಿ ವಾರಕ್ಕೊಮ್ಮೆ ಯಾವುದಾದರೂ ನೆಪ ಮಾಡಿಕೊಂಡು ಆ ದಾರಿಯಲ್ಲಿ ಹೋಗುತ್ತಿದ್ದ. ಮೊದಲು ಬಣ್ಣದಲ್ಲಿ ಒಂದು ಸಣ್ಣ ಗೆರೆ ಕಂಡಿತು, ತಿಂಗಳೊಳಗೆ ಗೆರೆಯ ಕೆಳಗೆ ಗಾರೆ ಹೊಟ್ಟೆ ಬಿಟ್ಟಿತು. ಕಸುಬು ಗೊತ್ತಿಲ್ಲದವರ ಕಣ್ಣಿಗೆ ಅದು ಬೀಳುವಂಥದ್ದಲ್ಲ. ಕಸುಬು ಗೊತ್ತಿದ್ದ ಮುದುಕರ ಕಣ್ಣು ಮಂಜಾಗಿತ್ತು.

ಮಳೆಗಾಲದ ಹೊಸ್ತಿಲಲ್ಲಿ ಒಂದು ಬೆಳಿಗ್ಗೆ ಅವರು ಬೆಂಚಿನಿಂದಲೇ ಕೂಗಿ ಕರೆದರು. ಒಳಗಿನಿಂದ ಚಹಾ ತರಿಸಿ, ಪಕ್ಕದ ಜಾಗ ತಟ್ಟಿ ತೋರಿಸಿದರು. ಮೇಸ್ತ್ರಿ ನಾಲ್ಕು ಹೆಜ್ಜೆ ಆಚೆ ನಿಂತೇ ಕುಡಿದ.

"ನಿನ್ನ ಹೆಂಡತಿ ಒಳ್ಳೆಯವಳು ಕಣಪ್ಪಾ" ಎಂದರು ಅವರು. "ಅವಳ ಹೆಸರು ಕೆಡಬಾರದು ಅಂತ ನಾನು ಒಂದು ಮಾತು ನುಂಗಿಕೊಂಡಿದೀನಿ. ನಿನಗಾದರೂ ಹೇಳಬೇಕು ಅಂತ ಎಷ್ಟೋ ಸಲ..."

"ಬೇಡ ಸಾರ್. ಅವಳ ಮಾತು ಬೇಡ. ಕೆಲಸ ಇದೆ, ಬರ್ತೀನಿ."

ಲೋಟ ಕೆಳಗಿಟ್ಟು ಹೊರಟುಬಿಟ್ಟ. ಕೊಂದ ಬಾಯಲ್ಲಿ ಅವಳ ಗುಣಗಾನ ಕೇಳುವಷ್ಟು ಅವನು ಇಳಿದಿರಲಿಲ್ಲ. ತಿರುಗಿ ನೋಡಿದಾಗ ಮುದುಕರು ಇನ್ನೂ ಪಕ್ಕದ ಖಾಲಿ ಜಾಗದ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು. ಆಗ ಒಂದು ಕ್ಷಣ ಎದೆ ಅಳ್ಳಾಡಿತು. ಜರಡಿಯ ಪಕ್ಕ ಬಿದ್ದಿದ್ದವಳನ್ನು ನೆನೆಸಿಕೊಂಡು ಎದೆಯನ್ನು ಗಟ್ಟಿ ಮಾಡಿಕೊಂಡ.

ಮೂರು ದಿನ ಮಳೆ ಹೊಡೆಯಿತು. ನಾಲ್ಕನೆಯ ಬೆಳಿಗ್ಗೆ ಬಿಸಿಲು ಬಂತು, ಕಾಂಟ್ರಾಕ್ಟರು ಚಹಾ ಹಿಡಿದು ಹೊರಗೆ ಬಂದು ಕೂತರು. ಸುದ್ದಿ ಮಧ್ಯಾಹ್ನದ ಹೊತ್ತಿಗೆ ಬಣ್ಣ ಬಳಿಯುವವನೊಬ್ಬನ ಬಾಯಿಂದ ಬಂತು. ಆಸ್ಪತ್ರೆಗೆ ಒಯ್ಯುವ ಮೊದಲೇ ಪ್ರಾಣ ಹೋಗಿತ್ತಂತೆ. ಹಿಂದೆ ಬಂದಿದ್ದ ಅಧಿಕಾರಿಯೇ ಬಂದು ನೋಡಿದರಂತೆ. ಜಾಲರಿ ಹಾಕಿದೆ, ಮೇಸ್ತ್ರಿಯ ತಪ್ಪಿಲ್ಲ, ಬೀಮಿನ ಮೇಲಿನ ಎಣ್ಣೆ ಸರಿಯಾಗಿ ಹೋಗಿರಲಿಲ್ಲ, ಮಳೆ ಬೇರೆ ಅತಿಯಾಯಿತು ಎಂದರಂತೆ. ಮೇಸ್ತ್ರಿ ಅಂದುಕೊಂಡಿದ್ದಕ್ಕೆ ಒಂದಕ್ಷರ ಆಚೀಚೆ ಆಗಿರಲಿಲ್ಲ. ಎದೆ ಹಗುರಾಗುತ್ತದೆ ಎಂದು ಕಾಯುತ್ತಾ ಮನೆಗೆ ನಡೆದ. ಹಗುರಾಗಲಿಲ್ಲ. ಸಂಜೆಯೊಳಗೆ ಆದೀತು ಎಂದುಕೊಂಡ.

ಮನೆಯ ಪಡುವಣ ಗೋಡೆಯ ಮುಂದೆ ಹನ್ನೊಂದು ವರ್ಷದ ಮಗಳು ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದಳು. "ಅಪ್ಪ, ಹಗ್ಗ ಕಟ್ಟೋಕೆ ಈ ಗೋಡೆಗೆ ಒಂದು ಕೊಕ್ಕೆ ಹಾಕಿಕೊಡು. ಇಲ್ಲೇ ಬಿಸಿಲು ಬರೋದು." ಬೇರೆ ದಿನವಾಗಿದ್ದರೆ ಒಪ್ಪುತ್ತಿರಲಿಲ್ಲ. ಇವತ್ತು ಹೆಂಡತಿಯ ಋಣ ತೀರಿತು, ಅವಳೂ ಬೇಡ ಅನ್ನುವುದಿಲ್ಲ ಎನ್ನಿಸಿ ಉಳಿ ಸುತ್ತಿಗೆ ತಂದ. ಮೂರನೆಯ ಏಟಿಗೆ ಉಳಿ ಕಣಕ್ಕೆಂದು ಏನಕ್ಕೋ ತಾಗಿತು. ಗಾರೆಯ ಚಕ್ಕೆ ಉದುರಿತು. ಒಳಗೆ ಬ್ಲಾಕಿನಿಂದ ಕೂಡುಗೆರೆ ದಾಟಿ ಬೀಮಿನವರೆಗೆ ಅಚ್ಚುಕಟ್ಟಾಗಿ ಬಡಿದ ತಂತಿ ಜಾಲರಿ ಕಂಡಿತು. ಅದರ ಅಂಚಿನಲ್ಲಿ ನೀಲಿ ಬಣ್ಣ ಇನ್ನೂ ಮಾಸಿರಲಿಲ್ಲ. ಜಾಲರಿಯಿಲ್ಲದ ಗೋಡೆ ಬಿರಿಯಲೇಬೇಕು ಎಂಬ ಮಾತಿನ ಮೇಲೆ ಒಬ್ಬ ಮನುಷ್ಯನನ್ನು ಕೊಂದವನು, ಮೂರು ವರ್ಷ ದಿನಾ ಈ ಬಿರಿಯದ ಗೋಡೆಯ ಮೇಲೆ ಕೈಯಿಟ್ಟು ನಿಂತಿದ್ದ. ಮಗಳ ಕೆಮ್ಮು ಹೇಗಿದೆ ಎಂದು ಮುದುಕರು ಯಾಕೆ ಕೇಳಿದ್ದರು ಎಂಬುದು ಈಗ ಹೊಳೆಯಿತು. "ಅದು ಅಮ್ಮ ಸೈಟಿಂದ ತಂದಿದ್ದಪ್ಪ" ಎಂದಳು ಮಗಳು, ಚಕ್ಕೆಗಳನ್ನು ಆರಿಸುತ್ತಾ. "ಥಂಡಿ ಒಳಗೆ ಬರಬಾರದು ಅಂತ. ನಿಮ್ಮಪ್ಪನ ಕೈಗೆ ಇದು ಬೇಕಾಗಲ್ಲ, ನನ್ನ ಕೈಗೆ ಬೇಕು ಅಂದ್ಲು." ಮೊದಲೇ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ. ಮಗಳು ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಅವನ ಮುಖ ನೋಡಿದಳು. "ನೀನು ಕೇಳಲೇ ಇಲ್ವಲ್ಲಪ್ಪ" ಎಂದಳು.