ಎಂಟುನೂರು ಕೆಜಿ ಬಾಗಿಲು

"ಆಗಲ್ಲ," ಎಂದು ರೂಲ್‌ಬುಕ್ ಕಡ್ಡಿ ಮುರಿದ ಹಾಗೆ ಹೇಳಿದ. "ಕಲ್ಲಿನ ಬಾಗಿಲು ಎಂಟುನೂರು ಕೆಜಿ. ನಿನ್ನ ವೀರ ಬರೀ ಮನುಷ್ಯ."

ರೂಲ್‌ಬುಕ್ ಅಂದರೆ ಎರಡನೇ ಮಹಡಿಯ ಎಂಟನೇ ಕ್ಲಾಸಿನ ಹುಡುಗ. ಮೆಟ್ಟಿಲ ತಿರುವಿನಲ್ಲಿ ಸೀಮೆಸುಣ್ಣದಿಂದ ಗುಹೆ ಬರೆದು, ದಾಳ ಹಾಕಿಸಿ, ರಜೆಯಿಡೀ ಕತೆಯ ಆಟ ಆಡಿಸುತ್ತಿದ್ದ. ಅವನು ಹೇಳಿದ್ದೇ ನಿಯಮ.

ಆಟದಲ್ಲಿ ವೀರ ಚೋಟುವಿನ ಪಾತ್ರ. ಚೋಟು ನೋಡಲು ಚೋಟುದ್ದ, ಮಾತು ಮಾತ್ರ ಮಾರುದ್ದ. ಅವಳ ವೀರ ಈಗ ಗುಹೆಯೊಳಗೆ ಸಿಕ್ಕಿಬಿದ್ದಿದ್ದ. ಮುಂದೆ ಕಲ್ಲಿನ ಬಾಗಿಲು, ಹಿಂದೆ ಡ್ರ್ಯಾಗನ್.

ಜೊತೆಗೆ ಆಡುತ್ತಿದ್ದ ಟೈಲರ್ ಮಗಳ ಪಾತ್ರ ಮಾಂತ್ರಿಕ. ಅವನು ಆಗಲೇ ಬಾವಲಿಯಾಗಿ ಸಂದಿಯಲ್ಲಿ ತೂರಿ ಹೋಗಿಬಿಟ್ಟಿದ್ದ. ಆ ಬಾವಲಿ ಎಷ್ಟು ಕೆಜಿ ಎಂದು ಯಾರೂ ಕೇಳಲಿಲ್ಲ.

"ಅವಳು ಬಾವಲಿ ಆಗ್ಬಹುದು, ನಾನು ಬಾಗಿಲು ಎತ್ತೋ ಹಾಗಿಲ್ವಾ?"

"ಅದು ಮ್ಯಾಜಿಕ್. ವೀರ ರಿಯಲಿಸ್ಟಿಕ್ ಆಗಿರ್ಬೇಕು."

ಈ ರಿಯಲಿಸ್ಟಿಕ್ ಎಂಬ ಪದದಿಂದ ಚೋಟುವಿಗೆ ಸಾಕುಸಾಕಾಗಿತ್ತು. ಹೊಳೆ ಈಜಿದ್ದಕ್ಕೆ ಅವಳ ವೀರನಿಗೆ ನಾಲ್ಕು ದಿನ ನೆಗಡಿ. ಹೊಸ ಬೂಟು ಕಚ್ಚಿ ಗುಳ್ಳೆ ಎದ್ದದ್ದಕ್ಕೆ ಒಂದು ಯುದ್ಧವೇ ತಪ್ಪಿತು. ಅದೇ ಹೊತ್ತಿಗೆ ಮಾಂತ್ರಿಕ ಮೋಡವೊಂದನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದ.

ಈಗ ವೀರ ಸತ್ತರೆ ರಜೆ ಮುಗಿಯುವವರೆಗೂ ಚೋಟು ದೊಂದಿ ಹಿಡಿಯುವವಳು. ದೊಂದಿಯವರಿಗೆ ಆಟದಲ್ಲಿ ಮಾತೇ ಇಲ್ಲ. ಚೋಟುವಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

"ನಮ್ಮಪ್ಪ ಎತ್ತುತ್ತಾರೆ," ಅಂದಳು. "ಕಬ್ಬಿಣದ ಬೀರು ಒಬ್ಬರೇ ಎತ್ತುತ್ತಾರೆ."

ಒಂದನೇ ಕ್ಲಾಸಿನಿಂದಲೂ ಎಲ್ಲರಿಗೂ ಇದನ್ನೇ ಹೇಳಿಕೊಂಡು ಬಂದಿದ್ದಳು. ವೀರನ ಶಕ್ತಿ, ಸಾಮಾನು ಬರೆದಿಡುವ ಹಾಳೆಯಲ್ಲೂ 'ಬೀರು ಒಬ್ಬನೇ ಎತ್ತುತ್ತಾನೆ' ಎಂದು ಬರೆದಿದ್ದಳು. ಅವಳಪ್ಪನಿಗೆ ಮನೆ ಸಾಮಾನು ಸಾಗಿಸುವ ಕೆಲಸ. ಇವತ್ತು ಇದೇ ಕಟ್ಟಡದ ಮೂರನೇ ಮಹಡಿಯವರು ಮನೆ ಖಾಲಿ ಮಾಡುತ್ತಿದ್ದರು.

"ಕಣ್ಣಾರೆ ನೋಡಿದ್ರೆ ಒಪ್ತೀನಿ," ಎಂದು ರೂಲ್‌ಬುಕ್ ಪೆನ್ನು ತೆಗೆದ.

ಬೀರು ಇಳಿದು ಬಂತು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅಪ್ಪನ ಜೊತೆಗಾರ, ಬೀರುವಿನ ಅಡಿಗೆ ಹೊರಲು ಹಾಕಿದ ಅಗಲವಾದ ಪಟ್ಟಿ. ಅದರ ಬಾಗಿಲುಗಳನ್ನು ಮೊದಲೇ ಬಿಚ್ಚಿಟ್ಟಿದ್ದರು. ಅಪ್ಪ ಆರು ಮೆಟ್ಟಿಲು ಇಳಿದು ಬೀರು ಇಟ್ಟರು, ಕೂತರು, ನೀರು ಕುಡಿದರು, ಸೊಂಟ ಹಿಡಿದುಕೊಂಡು ಎದ್ದರು.

'ಇಬ್ಬರು. ಆರು ಮೆಟ್ಟಿಲಿಗೆ ಒಂದು ರೆಸ್ಟ್,' ಎಂದು ರೂಲ್‌ಬುಕ್ ಬರೆದುಕೊಂಡ. ಚೋಟುವಿನ ಮುಖ ಸಪ್ಪಗಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ತಿರುವಿನಲ್ಲಿ, ಸರಿಯಾಗಿ ಗುಹೆಯ ಮೇಲೆ, ಬೀರು ಸಿಕ್ಕಿಕೊಂಡಿತು. ಅಪ್ಪ ತಿರುಗಿಯೂ ನೋಡದೆ, "ಮರಿ, ಆ ಮೂಲೆ ಸ್ವಲ್ಪ ಹಿಡ್ಕೋ," ಅಂದರು.

ರೂಲ್‌ಬುಕ್ ನೋಟ್‌ಬುಕ್ಕನ್ನು ಕಂಕುಳಲ್ಲಿ ಸಿಕ್ಕಿಸಿ ಹಿಡಿದುಕೊಂಡ. ಟೈಲರ್ ಮಗಳ ಕೈಗೂ ಒಂದು ಮೂಲೆ ಬಂತು. ಕಾಗದ ಹಿಡಿದು ಮೇಲೆ ಬರುತ್ತಿದ್ದ ಪೋಸ್ಟಿನವರಿಗೆ, "ಪೋಸ್ಟ್ ಅಣ್ಣಾ, ಸ್ವಲ್ಪ ಈ ಕಡೆ," ಅಂದರು ಅಪ್ಪ; ಅವರೂ ಹಿಡಿದರು. ಬಾಯಲ್ಲಿ ಬ್ರಶ್ ಇಟ್ಟುಕೊಂಡು ಇಣುಕಿದ ಮೊದಲ ಮಹಡಿಯ ಅಜ್ಜಿಯೂ ಎರಡು ಬೆರಳು ಕೊಟ್ಟರು. ಯಾಕೆ ಎಂದು ಯಾರೂ ಕೇಳಲಿಲ್ಲ.

ಬೀರು ರಸ್ತೆಗೆ ಬಂದ ಮೇಲೆಯೇ ಎಲ್ಲರಿಗೂ ತಮ್ಮ ತಮ್ಮ ಕೆಲಸ ನೆನಪಾದದ್ದು. ಪೋಸ್ಟಿನವರು ಕಾಗದ ಕೈಯಲ್ಲೇ ಇರುವುದನ್ನು ನೋಡಿಕೊಂಡು, ಮತ್ತೆ ಮೊದಲಿನಿಂದ ಮೆಟ್ಟಿಲು ಹತ್ತಿದರು.

"ಅಪ್ಪಾ, ನೀವು ಒಬ್ರೇ ಎತ್ತಲ್ವಾ?" ಎಂದು ಚೋಟು ಮೆಲ್ಲಗೆ ಕೇಳಿದಳು.

"ಇಪ್ಪತ್ತು ವರ್ಷದಲ್ಲಿ ಒಂದು ಬೀರೂ ಒಬ್ನೇ ಎತ್ತಿಲ್ಲ ಮಗಳೇ. ಎತ್ತಿದ್ರೆ ಎರಡನೇ ದಿನಾನೇ ಹಾಸಿಗೆ ಹಿಡೀತಿದ್ದೆ."

ಅಪ್ಪನ ಮುಖದಲ್ಲಿ ನಾಚಿಕೆ ಒಂದಿಷ್ಟೂ ಇರಲಿಲ್ಲ. ಚೋಟು ಅದನ್ನೇ ನೋಡುತ್ತಾ ನಿಂತಳು.

ಮತ್ತೆ ಆಟ ಶುರುವಾಯಿತು. "ಡ್ರ್ಯಾಗನ್ ಬಾಯಿ ತೆರೀತು," ಅಂದ ರೂಲ್‌ಬುಕ್. "ವೀರ ಏನ್ ಮಾಡ್ತಾನೆ?"

"ಕೂತ್ಕೊಂಡು ನೀರು ಕುಡೀತಾನೆ. ಆಮೇಲೆ ತಿರುಗಿ ನೋಡ್ದೆ ಡ್ರ್ಯಾಗನ್‌ಗೆ ಹೇಳ್ತಾನೆ, ಮರಿ, ಆ ಮೂಲೆ ಸ್ವಲ್ಪ ಹಿಡ್ಕೋ."

"ಡ್ರ್ಯಾಗನ್ ಯಾಕೆ ಹಿಡಿಯುತ್ತೆ? ಇದು ರಿಯಲಿಸ್ಟಿಕ್..."

ರೂಲ್‌ಬುಕ್ ದಾಳ ಎತ್ತಿಕೊಂಡ. ಅವನ ಅಂಗೈಯಲ್ಲಿ ಬೀರುವಿನ ಕೆಂಪು ಗೆರೆ ಇನ್ನೂ ಹಾಗೇ ಇತ್ತು. ಅದನ್ನು ನೋಡಿದ. ದಾಳವನ್ನು ಹಾಕದೆ ಕೆಳಗಿಟ್ಟ.

"ಹಿಡ್ಕೊಂಡಿತು," ಅಂದ. "ಬಾಗಿಲು ಎದ್ದಿತು. ಹೊರಗೆ ಬಂದ್ಮೇಲೆ ಡ್ರ್ಯಾಗನ್‌ಗೆ ತಾನು ಯಾಕೆ ಬಂದೆ ಅಂತಾನೇ ಗೊತ್ತಾಗಲಿಲ್ಲ."

ಟೈಲರ್ ಮಗಳು ಬಿದ್ದು ಬಿದ್ದು ನಕ್ಕಳು. ಚೋಟು ರಬ್ಬರ್ ತೆಗೆದುಕೊಂಡು ವೀರನ ಹಾಳೆಯಲ್ಲಿದ್ದ 'ಒಬ್ಬನೇ' ಎಂಬುದನ್ನು ಉಜ್ಜಿ ಅಳಿಸಿದಳು. ಕತ್ತಿಯ ಕೆಳಗೆ 'ನೀರಿನ ಬಾಟಲಿ' ಎಂದು ಸೇರಿಸಿದಳು.

ಮೇಲಿನಿಂದ ಮಂಚ ಗೋಡೆಗೆ ತಾಗಿದ ಸದ್ದು ಕೇಳಿಸಿತು. ಅಪ್ಪ ಇನ್ನೂ ಯಾರನ್ನೂ ಕರೆದಿರಲಿಲ್ಲ. ಚೋಟು ಆಗಲೇ ಎದ್ದು ಮೆಟ್ಟಿಲು ಹತ್ತುತ್ತಿದ್ದಳು.