ರಘು ಮುಚ್ಚಿಟ್ಟ ಸಾಲು

"ರಘು, ಈ ಸಾಲು ನಿಮ್ದೇ ತಾನೆ?"

ಮಂಜುಶ್ರೀ ಕೋಡ್ ತೆರೆದಿದ್ದ ತನ್ನ ಕಂಪ್ಯೂಟರ್ ಪರದೆಯನ್ನು ಅವನತ್ತ ತಿರುಗಿಸಿದಳು. ರಘುನಂದನ್ ಓದಿ ತಲೆ ತಗ್ಗಿಸಿದ. ಅವಳಿಗೆ ಅಷ್ಟು ಸಾಕಾಯಿತು.

ಗೆಜ್ಜಲಗೆರೆಯ ಆ ಪುಟ್ಟ ಕಂಪನಿ ಕಂಪ್ಯೂಟರ್ ಮಾಹಿತಿ ಕೂಡಿಡುವ ಸ್ಟೋರೇಜ್ ಪೆಟ್ಟಿಗೆಗಳನ್ನು ತಯಾರಿಸುತ್ತಿತ್ತು. ಹೊಳಲಿನ ಮಂಜುಶ್ರೀ ಬರೆಯುತ್ತಿದ್ದದ್ದು ಅದರ ಕರ್ನಲ್. ಪ್ರೋಗ್ರಾಮುಗಳಿಗೂ ಡಿಸ್ಕಿಗೂ ನಡುವೆ ನಿಂತು ಕೆಲಸ ನಡೆಸುವ ಒಳಗಿನ ತಂತ್ರಾಂಶ. ಮಳವಳ್ಳಿಯ ಲ್ಯಾಬೊಂದಕ್ಕೆ ಕೊಟ್ಟ ಪೆಟ್ಟಿಗೆ ಆಗಾಗ ಗರಬಡಿದಂತೆ ನಿಂತುಬಿಡುತ್ತಿತ್ತು. ಡಿಸ್ಕಿಗೆ ಕೈತುಂಬ ಕೆಲಸವಿದ್ದಾಗ ಪ್ರೋಗ್ರಾಮಿನ ಹೊಸ ರಿಕ್ವೆಸ್ಟನ್ನು ಕರ್ನಲ್ ಪಕ್ಕಕ್ಕೆ ಕೂರಿಸಿ, ಜಾಗವಾದಾಗ ಮತ್ತೆ ಕರೆಯಬೇಕು. ಆ ಕರೆ ಎಲ್ಲೋ ತಪ್ಪಿಹೋಗುತ್ತಿತ್ತು.

ಎಲ್ಲಿ ಎಂದು ಹುಡುಕುತ್ತಾ ಅವಳು ಒಂಬತ್ತು ದಿನ ಟೆಸ್ಟ್ ಮೆಷೀನಿನ ಮುಂದೆ ಕೂತಿದ್ದಳು. ಎಷ್ಟು ಹೊರೆ ಹೇರಿದರೂ ಅದು ಒಮ್ಮೆಯೂ ನಿಲ್ಲಲಿಲ್ಲ. ಪಕ್ಕದ ಕುರ್ಚಿಯ ಆತಗೂರಿನ ಹುಡುಗ ರಘು, ತನ್ನ ಡಬ್ಬಿಯ ಉಪ್ಸಾರು ಹಂಚುತ್ತಾ, ಸಿಗುತ್ತೆ ಬಿಡಿ ಎಂದು ಸಮಾಧಾನ ಹೇಳುತ್ತಿದ್ದ. ಆ ಸಮಾಧಾನಕ್ಕೇ ಪೆಚ್ಚು ಹುಡುಗಿ ಮನಸೋತಿದ್ದಳು...

ಮೆಷೀನು ನಿಲ್ಲುವುದಾದರೂ ಹೇಗೆ? ಕೂತ ರಿಕ್ವೆಸ್ಟುಗಳನ್ನೆಲ್ಲ ಐದು ಸೆಕೆಂಡಿಗೊಮ್ಮೆ ಎಬ್ಬಿಸುವ ಸಾಲೊಂದನ್ನು ಅವನೇ ಆ ಮೆಷೀನಿಗೆ ಗುಟ್ಟಾಗಿ ಸೇರಿಸಿದ್ದ.

"ನಿಮ್ಮ ತಪ್ಪು ಮುಚ್ಕೊಳ್ಳೋಕೆ ನನ್ನ ಒಂಬತ್ತು ದಿನ ಹಾಳು ಮಾಡಿದ್ರಾ?"

"ನಂದಲ್ಲ ಕಣ್ರೀ... ತಪ್ಪು ನಿಮ್ದು," ಎಂದ ರಘು. "ಜಾಗ ಐತಾ ಅಂತ ಮೊದ್ಲು ನೋಡಿ, ಆಮೇಲೆ ರಿಕ್ವೆಸ್ಟ್ ಕೂರಿಸಿದ್ದೀರಿ. ಆ ಮಧ್ಯೆ ಜಾಗ ಖಾಲಿಯಾದ್ರೆ ಅದನ್ನ ಕರೆಯೋರೇ ಇಲ್ಲ. ಶುಕ್ರವಾರ ನಿಮ್ಮ ಕೆಲಸ ಕಾಯಂ ಆಗ್ಬೇಕಲ್ಲ... ಅಲ್ಲೀಗಂಟ ಯಾರ್ಗೂ ಗೊತ್ತಾಗ್ದಿರ್ಲಿ ಅಂತ ಇಂಗ್ ಮಾಡ್ಬುಟ್ಟೆ."

ಮಂಜುಶ್ರೀ ತನ್ನ ಕೋಡನ್ನು ಮತ್ತೊಮ್ಮೆ ಓದಿದಳು; ಅವನು ಹೇಳಿದ್ದು ನಿಜ. ತಪ್ಪು ತನ್ನದೇ ಎಂಬುದನ್ನು ಅವಳು ಹೇಗೋ ನುಂಗಿಕೊಂಡಾಳು. ಎಲ್ಲ ಗೊತ್ತಿದ್ದೂ ದಿನವೂ ತನ್ನ ಮುಖ ನೋಡಿ ನಗುತ್ತಿದ್ದನಲ್ಲ, ಅದನ್ನು ಹೇಗೆ ನುಂಗುವುದು?

"ನನ್ನ ತಪ್ಪು ನಂಗೇ ಹೇಳೋಷ್ಟು ನಂಬ್ಕೆ ಇರ್ಲಿಲ್ವಾ ನನ್ಮೇಲೆ?"



ಅವಳು ಅವನ ಸಾಲನ್ನು ಅಳಿಸಿದಳು. ನಾಲ್ಕೇ ನಿಮಿಷಕ್ಕೆ ಮೆಷೀನು ನಿಂತಿತು. ಕಣ್ಣೊರೆಸಿಕೊಂಡು, ರಿಕ್ವೆಸ್ಟನ್ನು ಮೊದಲು ಕೂರಿಸಿ, ಆಮೇಲೆ ಜಾಗವಿದೆಯೇ ಎಂದು ಇನ್ನೊಮ್ಮೆ ನೋಡುವಂತೆ ತಿದ್ದಿದಳು. ಸಂಜೆಯವರೆಗೂ ಅದು ನಿಲ್ಲಲಿಲ್ಲ. ಎದ್ದು ನೆಟ್ಟಗೆ ಯಜಮಾನತಿ ಪ್ರಿಯಂವದಾ ಮೇಡಂ ಕೋಣೆಗೆ ಹೋಗಿ ತಪ್ಪು ತನ್ನದೆಂದಳು. ರಘುವಿನ ಹೆಸರೆತ್ತಲಿಲ್ಲ. ಅವನೇ ಹಿಂದೆ ಬಂದು, ಮುಚ್ಚಿಟ್ಟವನು ನಾನು ಎಂದು ಒಪ್ಪಿಕೊಂಡ. ಅವಳ ಕಾಯಂ ಆದೇಶ ಮೂರು ತಿಂಗಳು ಮುಂದೆ ಹೋಯಿತು. ಅವನ ಕೈಗೆ ಎಚ್ಚರಿಕೆ ಪತ್ರ ಬಂತು.

ಬಸ್‌ಸ್ಟಾಪಿನಲ್ಲಿ ಅವನು ನಾಲ್ಕು ಹೆಜ್ಜೆ ದೂರವೇ ನಿಂತ. ಮಂಡ್ಯದ ಬಸ್ಸು ಇನ್ನೂ ಬಂದಿರಲಿಲ್ಲ.

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?" ಅತ್ತ ನೋಡದೆ ಕೇಳಿದಳು.

"ಒಂದೈತೆ..." ಅವನು ತಡವರಿಸಿದ. "ನಿಮ್ಮನ್ನ ಕಂಡ್ರೆ ಪ್ರಾಣ ನಂಗೆ. ಹೇಳೋಕೆ ಧೈರ್ಯ ಬರ್ಲಿಲ್ಲ."

ಈ ಮಾತಿಗೆ ತಿಂಗಳುಗಟ್ಟಲೆ ಕಾದಿದ್ದಳು ಅವಳು. ಕೇಳಬಾರದ ದಿನವೇ ಕೇಳಿಸಿತಲ್ಲ ಎಂದು ಅಳು ಬಂತು.

"ಕೋಪ ಇಳಿದಿಲ್ಲ ನಂಗೆ."

"ಇಳಿಯೋಗಂಟ ಸುಮ್ನೆ ಕಾಯ್ತೀನಿ ಬುಡಿ."

ಮಂಜುಶ್ರೀ ಈಗ ಅವನತ್ತ ತಿರುಗಿದಳು.

"ಸುಮ್ನೆ ಕಾಯ್ಬೇಡಿ ರಘು. ಇಳೀತಾ ಅಂತ ದಿನಾ ಬಂದು ಕೇಳಿ."